ವಂಶವೃಕ್ಷ ಬೇಕಿರುವುದು ಪೌತಿ ಖಾತೆಗಷ್ಟೇ ಅಲ್ಲ

ನಾಡಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ನಮ್ಮ ಕಡೆ ವಂಶವೃಕ್ಷ ಯಾವಾಗ ನೆನಪಾಗುತ್ತದೆ ಎಂಬುದು ಗೊತ್ತಾಗಿಬಿಡುತ್ತದೆ. ಅಪ್ಪ ತೀರಿಕೊಂಡಿದ್ದಾರೆ, ಪೌತಿ ಖಾತೆ ಆಗಬೇಕು. ಅಣ್ಣ ತಮ್ಮಂದಿರು ಬೇರೆಯಾಗುತ್ತಿದ್ದಾರೆ, ಭಾಗಪತ್ರ ಆಗಬೇಕು. ರಸ್ತೆಗೆ ಜಮೀನು ಹೋಗಿದೆ, ಪರಿಹಾರ ಬರಬೇಕು. ಅರ್ಜಿ ತುಂಬುತ್ತಾ ಮುತ್ತಾತನ ಹೆಸರಿನ ಹತ್ತಿರ ಬಂದಾಗ ಪೆನ್ನು ನಿಲ್ಲುತ್ತದೆ. ಊರಿಗೆ ಫೋನು ಹೋಗುತ್ತದೆ. ಆ ಕಡೆಯಿಂದ ‘ತಡಿ, ದೊಡ್ಡಪ್ಪನ್ನ ಕೇಳ್ತೀನಿ’ ಎಂಬ ಉತ್ತರ ಬರುತ್ತದೆ. ಕೆಲಸ ಮುಗಿದ ಮೇಲೆ ಆ ಹಾಳೆ ಬೀರುವಿನಲ್ಲಿ ಪಹಣಿಗಳ ಕೆಳಗೆ ಸೇರಿಕೊಳ್ಳುತ್ತದೆ. ಮನೆಯಲ್ಲಿ ಇನ್ನೊಂದು ಸಾವಾಗುವವರೆಗೆ ಅದನ್ನು ಯಾರೂ ಹುಡುಕುವುದಿಲ್ಲ.

ಒಂದು ಗುಂಟೆ ಜಮೀನೂ ಸಿಗುವುದಿಲ್ಲ ಎಂದು ಗೊತ್ತಿದ್ದೂ ಮುತ್ತಾತನ ಮುತ್ತಾತನನ್ನು ಹುಡುಕಿಕೊಂಡು ವಿಮಾನ ಹತ್ತುವ ಜನರೂ ಇದ್ದಾರೆ. ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ಆದರೆ ‘ನಾವು ಸ್ಕಾಟ್ಲೆಂಡಿನವರು’ ಎಂದುಕೊಳ್ಳುವವರು ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ತುಂಬಾ ಹರಡಿದ್ದಾರೆ. ತಮ್ಮ ಮನೆತನದ ಚೌಕುಳಿ ಉಣ್ಣೆ ಬಟ್ಟೆ ಯಾವುದು, ಯಾವ ಕಣಿವೆಯಿಂದ ಹಡಗು ಹತ್ತಿದರು, ಆ ಮನೆಯ ಗೋಡೆ ಇನ್ನೂ ನಿಂತಿದೆಯೇ ಎಂದು ಅವರು ಹುಡುಕುತ್ತಾರೆ. 2009ರಲ್ಲಿ ಅಲ್ಲಿನ ಸರ್ಕಾರ ‘ಮನೆಗೆ ಬನ್ನಿ’ ಎಂದು ವರ್ಷಪೂರ್ತಿ ಹಬ್ಬವನ್ನೇ ಮಾಡಿತು. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿ 250 ವರ್ಷವಾದ ಸಂದರ್ಭ ಅದು. ಆ ಜುಲೈನಲ್ಲಿ ಎಡಿನ್‌ಬರೋ ನಗರದಲ್ಲಿ ಬೇರೆ ಬೇರೆ ಕುಲಗಳ ಜನ ಕೂಡಿ ಮೆರವಣಿಗೆ ಹೋದರು. ‘ಮ್ಯಾಕ್’ ಎಂದರೆ ಗೇಲಿಕ್ ಭಾಷೆಯಲ್ಲಿ ಮಗ. ಮ್ಯಾಕ್‌ಡೊನಾಲ್ಡ್ ಅಂದರೆ ಡೊನಾಲ್ಡನ ಮಗ. ಹೆಸರಿನಲ್ಲೇ ವಂಶವೃಕ್ಷದ ಒಂದು ಕೊಂಬೆ ಇದೆ.

ಇದೆಲ್ಲ ಬರೀ ಭಾವುಕತೆಯಿಂದ ಆಗುವ ಕೆಲಸವಲ್ಲ. ಅದರ ಹಿಂದೆ ಕಾಗದವಿದೆ. ಸ್ಕಾಟ್ಲೆಂಡಿನ ಚರ್ಚುಗಳ ಹುಟ್ಟು, ಮದುವೆ ದಾಖಲೆಗಳಲ್ಲಿ ಅತ್ಯಂತ ಹಳೆಯದು 1553ರದು. 1855ರ ಜನವರಿ 1ರಿಂದ ಜನನ, ಮರಣ, ವಿವಾಹದ ನೋಂದಣಿ ಕಡ್ಡಾಯವಾಯಿತು. ಮರಣದ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರಷ್ಟೇ ಅಲ್ಲ, ತಾಯಿಯ ಹೆಸರು, ಅದೂ ಆಕೆಯ ತವರಿನ ಹೆಸರಿನೊಂದಿಗೆ ಬರೆಯಬೇಕಿತ್ತು. ಈಗ ಇವನ್ನೆಲ್ಲ ಕಂಪ್ಯೂಟರಿನಲ್ಲೇ ಹುಡುಕಬಹುದು. ಈ ತವರಿನ ಹೆಸರಿನ ವಿಷಯ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಮನೆಯ ವಂಶವೃಕ್ಷದ ಹಾಳೆಯಲ್ಲಿ ನನ್ನ ಅಜ್ಜಿ ಇರುವುದು ‘ಹೆಂಡತಿ’ ಎಂಬ ಪದದ ಮುಂದೆ. ಆಕೆ ಯಾರ ಮಗಳು, ಯಾವ ಊರಿನವರು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ.

ಹೊನ್ನಮೇಟಿಯ ಮನೆತನ

ಸ್ಕಾಟ್ಲೆಂಡಿಗೂ ಚಾಮರಾಜನಗರಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನಂಟು ಬಿಳಿಗಿರಿರಂಗನ ಬೆಟ್ಟದಲ್ಲೇ ಇದೆ. ಬೆಟ್ಟಕ್ಕೆ ಹೋದ ನಾವು ರಂಗನಾಥನ ದರ್ಶನ ಮಾಡಿ, ದೊಡ್ಡ ಸಂಪಿಗೆ ಮರ ನೋಡಿ ವಾಪಸ್ ಬಸ್ಸು ಹತ್ತುತ್ತೇವೆ. ಅದರಾಚೆ, ಕಾಡಿನ ಒಳಗೆ, ಅತ್ತಿಖಾನೆ, ಬೇಡಗುಳಿ, ಹೊನ್ನಮೇಟಿ ಎಂಬ ಕಾಫಿ ತೋಟಗಳಿವೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿ ಕಾಫಿ ಬೆಳೆಯಲು ಬಂದು ನೆಲೆಸಿದವರು ಸ್ಕಾಟ್ಲೆಂಡ್ ಮೂಲದ ರಾಂಡಾಲ್ಫ್ ಹೇಟನ್ ಮಾರಿಸ್. ಅವರ ಮಗ ರಾಲ್ಫ್ ಕ್ಯಾಮ್ರೂ ಮಾರಿಸ್ (1894–1977) ತೋಟಗಾರರೂ ಹೌದು, ಬೇಟೆಗಾರರೂ ಹೌದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಈ ಕಾಡಿನ ಪ್ರಾಣಿ ಪಕ್ಷಿಗಳ ಬಗ್ಗೆ ಟಿಪ್ಪಣಿಗಳನ್ನು ಬರೆಯುತ್ತಲೇ ಇದ್ದವರು. 1939ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದ ಸಲೀಂ ಅಲಿ ಅವರಿಗೆ ಬೆಟ್ಟದಲ್ಲಿ ಆತಿಥ್ಯ ನೀಡಿದ್ದು ಇದೇ ಮನೆ. ರಾಲ್ಫ್ ಅವರ ಪತ್ನಿಯ ಹೆಸರು ಹೆದರ್. ಸ್ಕಾಟ್ಲೆಂಡಿನ ಬೋಳು ಬೆಟ್ಟಗಳನ್ನು ವರ್ಷಕ್ಕೊಮ್ಮೆ ನೇರಳೆ ಬಣ್ಣಕ್ಕೆ ತಿರುಗಿಸುವ ಗಿಡದ ಹೆಸರು ಅದು. ಕಾಡೆಮ್ಮೆ ಓಡಾಡುವ ಹೊನ್ನಮೇಟಿಯಲ್ಲಿ ಆ ಹೆಸರನ್ನು ಕರೆಯುವಾಗ ಹೇಗೆ ಕೇಳಿಸುತ್ತಿತ್ತೋ!

ಈ ದಂಪತಿಯ ಮಗಳು ಮೋನಿಕಾ. 1920ರಲ್ಲಿ ಹುಟ್ಟಿ, ಇದೇ ಬೆಟ್ಟದಲ್ಲಿ ಬೆಳೆದವರು. ಮುಂದೆ ಮೋನಿಕಾ ಜಾಕ್ಸನ್ ಎಂಬ ಹೆಸರಿನಲ್ಲಿ ಪರ್ವತಾರೋಹಿಯಾಗಿ ಪ್ರಸಿದ್ಧರಾದರು. 1955ರಲ್ಲಿ ಸ್ಕಾಟ್ಲೆಂಡಿನ ಮೂವರು ಮಹಿಳೆಯರು ನೇಪಾಳದ ಜುಗಲ್ ಹಿಮಾಲಕ್ಕೆ ಹೋದರಲ್ಲ, ಮಹಿಳೆಯರೇ ಸೇರಿ ಹಿಮಾಲಯಕ್ಕೆ ಕೈಗೊಂಡ ಮೊದಲ ಚಾರಣಯಾತ್ರೆ ಅದು. ಆ ಮೂವರಲ್ಲಿ ಇವರೊಬ್ಬರು. ಅವರು ಏರಿದ ಶಿಖರಕ್ಕೆ ತಮ್ಮ ಶೆರ್ಪಾ ನಾಯಕನ ಹೆಸರನ್ನೇ ಇಟ್ಟರು, ಗ್ಯಾಲ್ಗೆನ್ ಶಿಖರ ಎಂದು. ಎಡಿನ್‌ಬರೋದಲ್ಲಿ ಬದುಕು ಕಟ್ಟಿಕೊಂಡ ಮೋನಿಕಾ 1994ರಲ್ಲಿ ತಮ್ಮ ಬಾಲ್ಯದ ಬೆಟ್ಟದ ಬಗ್ಗೆ ‘ಗೋಯಿಂಗ್ ಬ್ಯಾಕ್’ ಎಂಬ ಪುಸ್ತಕ ಪ್ರಕಟಿಸಿದರು. 2020ರಲ್ಲಿ, ನೂರಕ್ಕೆ ಕೆಲವೇ ತಿಂಗಳು ಬಾಕಿ ಇರುವಾಗ ತೀರಿಕೊಂಡರು.

ಆ ಶೀರ್ಷಿಕೆಯೇ ನನಗೆ ಇಷ್ಟವಾದದ್ದು. ಸ್ಕಾಟ್ಲೆಂಡಿನಿಂದ ಚದುರಿಹೋದ ಮನೆತನಗಳು ಸ್ಕಾಟ್ಲೆಂಡಿಗೆ ‘ವಾಪಸ್’ ಹೋಗುತ್ತವೆ. ಈಕೆ ಸ್ಕಾಟ್ಲೆಂಡಿನಲ್ಲಿ ಕುಳಿತು ‘ವಾಪಸ್’ ಎಂದದ್ದು ನಮ್ಮ ಬೆಟ್ಟವನ್ನು. ಒಂದು ಸ್ಕಾಟಿಷ್ ಮನೆತನದ ಕತೆಯ ನಡುವಿನ ಅಧ್ಯಾಯ ಯಳಂದೂರು, ಚಾಮರಾಜನಗರ ತಾಲ್ಲೂಕುಗಳ ನೆತ್ತಿಯ ಮೇಲೆ ನಡೆದಿದೆ, ಅದು ಪುಸ್ತಕವಾಗಿ ಉಳಿದಿದೆ. ತೋಟದ ಹೆಸರೂ ಉಳಿದಿದೆ. ಬಡಿದರೆ ಲೋಹದಂತೆ ನಾದ ಹೊಮ್ಮಿಸುವ ಹೊನ್ನಮೇಟಿ ಕಲ್ಲು ಹಾಗೇ ಇದೆ. 2016ರಲ್ಲಿ ವಿಜ್ಞಾನಿಗಳು ಗುರುತಿಸಿದ ಒಂದು ಪುಟ್ಟ ಪೊದೆಗಪ್ಪೆಗೂ ಹೊನ್ನಮೇಟಿಯ ಹೆಸರೇ ಸಿಕ್ಕಿದೆ.

ಅದೇ ಕಾಡಿನ ಇನ್ನೊಂದು ವಂಶಾವಳಿ

ಆದರೆ ಆ ತೋಟದ ಸುತ್ತ, ಆ ತೋಟಕ್ಕಿಂತ ಎಷ್ಟೋ ಮೊದಲಿನಿಂದ ಇದ್ದವರು ಸೋಲಿಗರು. ಅವರಲ್ಲೂ ಕುಲಗಳಿವೆ, ಒಂದೇ ಕುಲದೊಳಗೆ ಮದುವೆ ಇಲ್ಲ. ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ‘ಯಲ್ಲೆ’ ಇದೆ. ಆ ಯಲ್ಲೆಯೊಳಗೆ ಒಂದು ದೇವರು, ಒಂದು ಮಾರಮ್ಮ, ಒಂದು ವೀರು, ನೀರಿನ ಅಬ್ಬಿ, ಸತ್ತವರ ನೆನಪಿನ ಕಲ್ಲುಗುಡಿ. ಸ್ಕಾಟ್ಲೆಂಡಿನವರ ಕುಲಕ್ಕೆ ಒಂದು ಕಣಿವೆ, ಒಂದು ಕೋಟೆ ಇರುವ ಹಾಗೆ ಎಂದು ಹೋಲಿಸಬಹುದು. ಆದರೆ ಕೋಟೆ ಪ್ರವಾಸಿಗರಿಗೆ ಕಾಣುತ್ತದೆ, ಅಬ್ಬಿ ಕಾಣುವುದಿಲ್ಲ. ಇನ್ನೂ ಒಂದು ಸೊಗಸಿದೆ. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಎಂಬುದು ಅವರ ಹಾಡಿನಲ್ಲಿರುವ ಕತೆ. ಹಾಗಾಗಿ ನಮಗೆಲ್ಲ ಸ್ವಾಮಿಯಾದವನು ಅವರಿಗೆ ಭಾವ. ದೇವರನ್ನೇ ವಂಶವೃಕ್ಷಕ್ಕೆ ಸೇರಿಸಿಕೊಂಡ ಜನ!

ಈ ವಂಶವೃಕ್ಷ ಕಾಗದದ ಮೇಲೆ ಇರಲಿಲ್ಲ. ನೆಲದ ಮೇಲೆ ಇತ್ತು, ನಾಲಿಗೆಯ ಮೇಲೆ ಇತ್ತು. ನೆಲ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಸ್ಕಾಟ್ಲೆಂಡಿನವರಿಗೆ ಹೇಳಿಕೊಡಬೇಕಿಲ್ಲ. 18ನೇ ಶತಮಾನದ ಉತ್ತರಾರ್ಧದಿಂದ ಸುಮಾರು ನೂರು ವರ್ಷ ಅಲ್ಲಿನ ಹೈಲ್ಯಾಂಡ್ಸ್ ಸೀಮೆಯ ರೈತರನ್ನು ಕುರಿ ಸಾಕಣೆಗಾಗಿ ಒಕ್ಕಲೆಬ್ಬಿಸಲಾಯಿತು. ಎಷ್ಟೋ ಕಡೆ ಒಕ್ಕಲೆಬ್ಬಿಸಿದವರು ಹೊರಗಿನವರಲ್ಲ, ಯಾರನ್ನು ಕುಲದ ತಂದೆ ಎಂದು ನಂಬಿದ್ದರೋ ಆ ಕುಲದ ಒಡೆಯರೇ. ಇಂದು ವಿಮಾನ ಹತ್ತಿ ಬರುವ ಎಷ್ಟೋ ಮೊಮ್ಮಕ್ಕಳು ಆ ಒಕ್ಕಲೆದ್ದವರ ಪೈಕಿ. ಅವರ ಭಾಷೆ ಗೇಲಿಕ್‌ಗೂ ಅದೇ ಗತಿ. 2011ರ ಗಣತಿಯಲ್ಲಿ ಅದನ್ನು ಆಡುವವರು 57 ಸಾವಿರದಷ್ಟು ಮಾತ್ರ ಉಳಿದಿದ್ದರು.

ನಮ್ಮ ಬೆಟ್ಟದಲ್ಲಿ ಕುರಿಯ ಬದಲು ಕಾಡುಪ್ರಾಣಿ ಎಂದು ಓದಿಕೊಳ್ಳಿ. 1974ರಲ್ಲಿ ವನ್ಯಜೀವಿ ಧಾಮವಾಯಿತು. ಬೇಟೆ ನಿಂತಿತು, ಜಾಗ ಬದಲಿಸುತ್ತಾ ಮಾಡುವ ಬೇಸಾಯ ನಿಂತಿತು, ಕುಟುಂಬಗಳು ಕಾಡಿನೊಳಗಿನ ನೆಲೆ ಬಿಟ್ಟು ಈಗಿನ ಪೋಡುಗಳಿಗೆ ಬಂದವು. 2006ರಲ್ಲಿ ಜೇನು, ಪಾಚಿ, ನೆಲ್ಲಿಕಾಯಿ ಸಂಗ್ರಹಕ್ಕೂ ತಡೆ ಬಿತ್ತು. ಹುಲಿಯನ್ನು ಉಳಿಸುವುದು ಬೇಡವೆಂದು ನಾನು ಹೇಳುತ್ತಿಲ್ಲ. ಅಜ್ಜಂದಿರ ಕಲ್ಲಿಗೆ ಕೈಮುಗಿಯಲು ಅನುಮತಿ ಕೇಳಬೇಕಾದ ಮೊಮ್ಮಗನ ಜಾಗದಲ್ಲಿ ನಿಂತು ಯೋಚಿಸಿ ಎನ್ನುತ್ತಿದ್ದೇನೆ, ಅಷ್ಟೇ.

ಸೋಲಿಗರು ಸುಮ್ಮನೆ ಕೂರಲಿಲ್ಲ. ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಸೇರಿ, ಜಿಪಿಎಸ್ ಯಂತ್ರ ಹಿಡಿದು ತಮ್ಮ ಯಲ್ಲೆಗಳನ್ನು ತಾವೇ ಸುತ್ತಿದರು. ನಾನೂರಕ್ಕೂ ಹೆಚ್ಚು ಪವಿತ್ರ ತಾಣಗಳನ್ನು ಗುರುತಿಸಿ ನಕ್ಷೆ ಮಾಡಿದರು. ಹಿರಿಯರು ಮುಂದೆ ನಡೆದು ಹೆಸರು ಹೇಳುವುದು, ಕಿರಿಯರು ಗುರುತು ಹಾಕಿಕೊಳ್ಳುವುದು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಪರಂಪರೆ ಎಂದರೆ ವೇದಿಕೆ ಮೇಲಿನ ಕುಣಿತ ಎಂದುಕೊಂಡಿರುವ ನಮ್ಮಂಥವರು ಆ ನಕ್ಷೆಯನ್ನೊಮ್ಮೆ ನೋಡಬೇಕು.

ಮಲೆಯೂರಿಗೆ ಬಂದ ದ್ವೀಪವಾಸಿ

ಬೆಟ್ಟ ಇಳಿದು ಬಯಲಿಗೆ ಬಂದರೆ ಇನ್ನೂ ಹಳೆಯ ನಂಟೊಂದಿದೆ. ಸ್ಕಾಟ್ಲೆಂಡಿನ ವಾಯವ್ಯದ ಲೂಯಿಸ್ ದ್ವೀಪದಲ್ಲಿ ಸ್ಟೋರ್ನೊವೇ ಎಂಬ ಬಂದರು ಪಟ್ಟಣ. ಅಲ್ಲಿ 1754ರಲ್ಲಿ ಹುಟ್ಟಿದವರು ಕಾಲಿನ್ ಮೆಕೆಂಜಿ. ಊರಿನಲ್ಲಿ ಸುಂಕದ ಕಚೇರಿಯ ನೌಕರಿ ಇತ್ತು. ಆಗ ನೇಪಿಯರ್ ಮನೆತನದವರು ತಮ್ಮ ಪೂರ್ವಜರೊಬ್ಬರ ಜೀವನಚರಿತ್ರೆ ಬರೆಯಲು ಹೊರಟಿದ್ದರು. ಪೂರ್ವಜ ಬೇರಾರೂ ಅಲ್ಲ, ನಾವು ಪಿಯುಸಿಯಲ್ಲಿ ತಲೆ ಕೆಡಿಸಿಕೊಂಡ ಲಾಗರಿದಮ್ ಟೇಬಲ್ಲಿನ ಮೂಲಪುರುಷ ಜಾನ್ ನೇಪಿಯರ್. ಅದಕ್ಕಾಗಿ ಪ್ರಾಚೀನ ಭಾರತದ ಗಣಿತದ ಮಾಹಿತಿ ಹುಡುಕಿಕೊಡುತ್ತಿದ್ದವರು ಮೆಕೆಂಜಿ. ಆ ಗೀಳಿನಲ್ಲೇ 1783ರಲ್ಲಿ ಕಂಪನಿಯ ಸೈನ್ಯದ ನೌಕರಿ ಹಿಡಿದು ಭಾರತಕ್ಕೆ ಬಂದರು. ಮತ್ತೆ ಊರಿಗೆ ಹೋಗಲೇ ಇಲ್ಲ. ಒಂದು ಮನೆತನದ ಅಭಿಮಾನ ಎಲ್ಲಿಂದ ಎಲ್ಲಿಗೆ ಕರೆದುತಂದಿತು ನೋಡಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸಂಸ್ಥಾನದ ಸರ್ವೆ ಅವರ ಪಾಲಿಗೆ ಬಂತು. ಸರ್ವೆ ಜೊತೆಗೆ ಊರೂರಿನ ಶಾಸನ, ತಾಳೆಗರಿ, ಸ್ಥಳಪುರಾಣ, ಮನೆತನಗಳ ಚರಿತ್ರೆ ಎಲ್ಲವನ್ನೂ ಸಂಗ್ರಹಿಸತೊಡಗಿದರು. 1804ರಲ್ಲಿ ಚಾಮರಾಜನಗರ ತಾಲ್ಲೂಕಿನ ಮಲೆಯೂರಿಗೆ, ಜೈನರ ಕನಕಗಿರಿಗೆ ಬಂದರು. ಚಾಮರಾಜನಗರ ಆಗಿನ್ನೂ ಅರಿಕುಠಾರ. ಕನಕಗಿರಿಯಲ್ಲಿ ಸ್ಥಳದ ಕತೆ ಕೇಳಿದಾಗ ಎದುರಾದವರು ದೇವಚಂದ್ರ ಎಂಬ ಜೈನ ಕವಿ. ಅವರು ಪೂಜ್ಯಪಾದರ ಚರಿತೆಯನ್ನು ಮೆಕೆಂಜಿ ಅವರಿಗೆ ಕೊಟ್ಟರು. ಅಷ್ಟಕ್ಕೇ ನಿಲ್ಲಿಸದೆ ಮುಂದೆ ದಶಕಗಟ್ಟಲೆ ಕೂತು ‘ರಾಜಾವಳಿ ಕಥೆ’ ಬರೆದರು. ಮತ, ರಾಜಮನೆತನ, ಕವಿಗಳು, ಜಾತಿಗಳು, ಬಾಯಿಮಾತಿನ ಸುದ್ದಿ ಎಲ್ಲವೂ ಸೇರಿದ ದೊಡ್ಡ ಕೃತಿ ಅದು. ಕನ್ನಡ ಸಾಹಿತ್ಯ ಚರಿತ್ರೆ ಓದುವವರಿಗೆ ಇವತ್ತಿಗೂ ಅದು ಬೇಕು.

ಪರೀಕ್ಷೆಗೆ ಓದುತ್ತಿರುವ ಗೆಳೆಯರೇ, ಮೆಕೆಂಜಿ ಎಂದರೆ ನಮಗೆ ‘1815, ಭಾರತದ ಮೊದಲ ಸರ್ವೇಯರ್ ಜನರಲ್’ ಎಂಬ ಒಂದಂಕದ ಉತ್ತರ. ಅವರ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. 1816ರಲ್ಲಿ ಥಾಮಸ್ ಹಿಕಿ ಬರೆದ ಒಂದು ಚಿತ್ರವೂ ಇದೆ. ಅದರಲ್ಲಿ ಕೆಂಪು ಕೋಟಿನ ಮೆಕೆಂಜಿ ಒಬ್ಬರೇ ಇಲ್ಲ; ಜೊತೆಯಲ್ಲಿ ಮೂವರು ಭಾರತೀಯ ಸಹಾಯಕರಿದ್ದಾರೆ. ಒಬ್ಬರು ಹಳಗನ್ನಡ ಶಾಸನ ಓದಬಲ್ಲ ಜೈನ ಪಂಡಿತ ಧರ್ಮಯ್ಯ. ಲಂಡನ್ನಿನಲ್ಲಿರುವ ಆ ಚಿತ್ರ 2017ರಲ್ಲಿ ಸ್ಟೋರ್ನೊವೇಗೆ ಹೋಯಿತು. ತಮ್ಮ ದ್ವೀಪದ ಮಗ ಸಂಗ್ರಹಿಸಿದ್ದನ್ನು ನೋಡಲು ಅಲ್ಲಿನ ಜನ ಪ್ರದರ್ಶನ ಏರ್ಪಡಿಸಿಕೊಂಡಿದ್ದರು. ಅಂದರೆ ಸ್ಕಾಟ್ಲೆಂಡಿನ ಒಂದು ಊರು ತನ್ನ ಪರಂಪರೆಯ ಹಬ್ಬ ಮಾಡಿದಾಗ ಗೋಡೆಯ ಮೇಲೆ ಕನ್ನಡ ಓದುವ ಒಬ್ಬ ಪಂಡಿತರೂ ಇದ್ದರು. ಮಲೆಯೂರಿನಲ್ಲಿ ನಾವು ದೇವಚಂದ್ರರ ನೆನಪಿಗೆ ಏನು ಮಾಡಿದ್ದೇವೆ ಎಂಬ ಪ್ರಶ್ನೆ ಕೇಳಿದರೆ ಚೆನ್ನಾಗಿರುವುದಿಲ್ಲ.

ಚೌಕುಳಿ ಬಟ್ಟೆಯ ಎಚ್ಚರಿಕೆ

ಸ್ಕಾಟ್ಲೆಂಡಿನವರದ್ದೆಲ್ಲ ಸರಿ, ನಮ್ಮದೆಲ್ಲ ಕೊರತೆ ಎಂದು ಹೇಳಲು ನಾನು ತಯಾರಿಲ್ಲ. 1746ರಲ್ಲಿ ಕಲೋಡನ್ ಕದನದಲ್ಲಿ ಹೈಲ್ಯಾಂಡಿನ ಬಂಡುಕೋರರು ಸೋತ ಮೇಲೆ ಅವರ ಉಡುಪನ್ನೇ ಕಾನೂನು ನಿಷೇಧಿಸಿತು. ನಿಷೇಧ ತೆರವಾದದ್ದು 1782ರಲ್ಲಿ. ಆಮೇಲೆ 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಎಲ್ಲರಿಗೂ ಚೌಕುಳಿ ಬಟ್ಟೆ ಉಡಿಸಿ ಮೆರೆಸಿದರು. ಅಲ್ಲಿಂದ ಅದು ಫ್ಯಾಷನ್. ‘ನಮ್ಮ ಕುಲದ ಪುರಾತನ ವಿನ್ಯಾಸ’ ಎಂದು ಇಂದು ಮಾರಾಟವಾಗುವ ಎಷ್ಟೋ ಬಟ್ಟೆಗಳು 19ನೇ ಶತಮಾನದಲ್ಲಿ ಹುಟ್ಟಿದವು. ಈಗ ಸರ್ಕಾರವೇ ವಿನ್ಯಾಸಗಳ ನೋಂದಣಿ ಪುಸ್ತಕ ಇಟ್ಟಿದೆ, 2008ರ ಕಾಯ್ದೆ ಪ್ರಕಾರ. ವ್ಯಾಪಾರ ಅಂದಮೇಲೆ ವ್ಯಾಪಾರ. ನಮ್ಮಲ್ಲೂ ಕಂಸಾಳೆ ವೇದಿಕೆಗೆ ಬಂದಿದೆ, ಬರಲಿ. ಆದರೆ ಗುಡ್ಡನಾಗಿ ದೀಕ್ಷೆ ಪಡೆದು ಮಾದಪ್ಪನ ಕತೆಯನ್ನು ರಾತ್ರಿಯಿಡೀ ಹಾಡಬಲ್ಲವರು ಬೇರೆ, ಐದು ನಿಮಿಷದ ಕುಣಿತ ಕಲಿತವರು ಬೇರೆ ಎಂಬುದು ಗೊತ್ತಿರಬೇಕು.

ಇದಕ್ಕಿಂತ ದೊಡ್ಡ ಎಚ್ಚರಿಕೆ ಮನೆತನದ ಹೆಮ್ಮೆಯದ್ದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ ಬೆಳೆದ ಸಂಪತ್ತಿನಲ್ಲಿ ಗುಲಾಮರ ದುಡಿಮೆಯ ಪಾಲಿತ್ತು. 2022ರಲ್ಲಿ ಅಲ್ಲಿನ ನಗರಾಡಳಿತ ಅದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿತು. ನಮ್ಮಲ್ಲಿ ‘ನಿಮ್ಮದು ಯಾವ ಕುಲ?’ ಎಂಬ ಪ್ರಶ್ನೆಗೆ ಬೇರೆಯದೇ ಅರ್ಥವಿದೆ, ಅದು ಎಲ್ಲಿ ಕೂರಿಸಬೇಕು ಎಂದು ತೀರ್ಮಾನಿಸಲು ಕೇಳುವ ಪ್ರಶ್ನೆ. ಜಮೀನಿದ್ದವರ ವಂಶವೃಕ್ಷ ಕಚೇರಿಯಲ್ಲಾದರೂ ಸಿಗುತ್ತದೆ. ಜೀತಕ್ಕಿದ್ದ ಮುತ್ತಾತನದು? ಊರೂರು ಸುತ್ತಿ ಮನೆತನದ ಹೆಸರು ಹೇಳುವ ಹೆಳವರು ಕೂಡ ಎಲ್ಲರ ಮನೆ ಬಾಗಿಲಲ್ಲಿ ನಿಲ್ಲಲಿಲ್ಲ. ಅದಕ್ಕೇ ಅಂಥ ಮನೆಯ ಹುಡುಗ, ಹುಡುಗಿಯರು ಮೊದಲು ಬರೆದಿಡಬೇಕು ಎಂದು ನನಗನ್ನಿಸುತ್ತದೆ. ಅವರ ಪರವಾಗಿ ಯಾವ ಮೆಕೆಂಜಿಯೂ ಬರೆದಿಟ್ಟಿಲ್ಲ.

ಬರೆಯಲು ಏನೂ ದೊಡ್ಡ ಸಿದ್ಧತೆ ಬೇಡ. ನಾನು ಬಿ.ಕಾಂ. ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವವಳು. ಗುಂಡ್ಲುಪೇಟೆ ತಾಲ್ಲೂಕಿನ ನಮ್ಮೂರಿನಲ್ಲಿ ನನ್ನ ಜೊತೆ ಓದಿದವರಲ್ಲಿ ಅರ್ಧ ಜನ ಈಗ ಬೆಂಗಳೂರಿನಲ್ಲಿದ್ದಾರೆ. ನಾಳೆ ನಾನೂ ಹೋಗಬಹುದು. ಹೋಗುವ ಮುಂಚೆ ಎಂದು ಫೋನಿನ ರೆಕಾರ್ಡರ್ ಆನ್ ಮಾಡಿ ಅಜ್ಜಿಯ ಮುಂದೆ ಕುಳಿತೆ. ಮೊದಲ ದಿನ ಸಿಕ್ಕಿದ್ದು ಬೈಗುಳ. ‘ಅದ ಬರ್ಕಂಡು ಏನ್ ಮಾಡಿಯೆ ಕೂಸು? ಅದ್ರಿಂದ ಯಾವ ಜಮೀನು ಬಂದದು?’ ಎಂದರು. ಹೆಸರು ಕೇಳಿದರೆ ಹಿರಿಯರಿಗೆ ನೆನಪಾಗುವುದಿಲ್ಲ, ಜಾಗ ಕೇಳಿದರೆ ನೆನಪಾಗುತ್ತದೆ ಎಂಬುದು ಎರಡನೇ ದಿನ ಗೊತ್ತಾಯಿತು. ನೀರು ಎಲ್ಲಿಂದ ತರುತ್ತಿದ್ದಿರಿ ಎಂದು ಕೇಳಿದ್ದೇ ತಡ, ಬಾವಿಯ ಹೆಸರು, 
ಬಾವಿ ತೋಡಿಸಿದವರ ಹೆಸರು, ಅವರ ಇಬ್ಬರು ಹೆಂಡಿರು, ಅವರಲ್ಲಿ ಕಿರಿಯವಳು ಹಾಡುತ್ತಿದ್ದ ಸೋಬಾನೆ, ಎಲ್ಲವೂ ಸಾಲಾಗಿ ಬಂದವು. ಹೆಣ್ಣು ತಂದ ಊರು ಕೇಳಿ. ಬರಗಾಲದಲ್ಲಿ ಯಾರ ಮನೆಗೆ ಹೋಗಿದ್ದರು ಎಂದು ಕೇಳಿ. ಹಳೆಯ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದಿಡಿ. ಹಳೆಯ ಕ್ರಯಪತ್ರದ ಸಾಕ್ಷಿಗಳ ಸಹಿ ನೋಡಿ, ನೆಂಟರು ಅಲ್ಲೇ ಸಿಗುತ್ತಾರೆ. ಶಾಲೆಯ ದಾಖಲೆಯ ಜನ್ಮದಿನವನ್ನು ಮಾತ್ರ ನಂಬಬೇಡಿ. ನಮ್ಮ ಅಪ್ಪಂದಿರ ತಲೆಮಾರಿನಲ್ಲಿ ಎಷ್ಟೋ ಜನ ಜೂನ್ 1ಕ್ಕೇ ಹುಟ್ಟಿದ್ದಾರೆ!

ನನ್ನ ನೋಟ್‌ಬುಕ್ಕಿನಲ್ಲಿ ಈಗ 43 ಹೆಸರುಗಳಿವೆ, ಅವುಗಳಲ್ಲಿ 19 ಹೆಣ್ಣುಮಕ್ಕಳವು. ಪ್ರತಿಯೊಬ್ಬರ ಮುಂದೆ ತವರಿನ ಊರು ಬರೆಯಬೇಕೆಂದು ಒಂದು ಕಾಲಂ ಎಳೆದಿದ್ದೇನೆ. ಏಳು ಇನ್ನೂ ಖಾಲಿ. ಅಜ್ಜಿಯ ಅತ್ತೆ ತೆರಕಣಾಂಬಿ ಕಡೆಯವರು ಎಂಬಷ್ಟು ಸುಳಿವು ಸಿಕ್ಕಿದೆ. ಈ ಭಾನುವಾರ ಅಜ್ಜಿಯನ್ನು ಕರೆದುಕೊಂಡು ಚಾಮರಾಜನಗರದ ಬಸ್ಸು ಹತ್ತಿ ದಾರಿಯಲ್ಲಿ ಅಲ್ಲೇ ಇಳಿಯುವುದಿದೆ.